ವಿದ್ವಾಂಸನ ಜಾಲತಾಣ ಯಾರ ನೆಲದ ಮೇಲೆ ನಿಂತಿದೆ?

ಕಳೆದ ವರ್ಷ ಒಂದು ಪಿಎಚ್.ಡಿ. ಮೌಖಿಕ ಪರೀಕ್ಷೆಯಲ್ಲಿ ಸಭಿಕನಾಗಿ ಕುಳಿತಿದ್ದ ನಾನು ತಲೆತಗ್ಗಿಸಬೇಕಾಯಿತು. ಅಭ್ಯರ್ಥಿನಿ ನನ್ನ ಶಿಷ್ಯೆಯಲ್ಲ. ದಾನಶಾಸನಗಳ ಭಾಷೆಯನ್ನು ಕುರಿತು ಬೇರೊಬ್ಬರ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡಿದವರು. ಅವರ ಪ್ರಬಂಧದ ಒಂದು ಅಧ್ಯಾಯ ನನ್ನ ಹಳೆಯ ಲೇಖನವೊಂದನ್ನು ಆಧರಿಸಿತ್ತು. ಬಾಹ್ಯ ಪರೀಕ್ಷಕರು ಅಡಿಟಿಪ್ಪಣಿಯಲ್ಲಿದ್ದ ಜಾಲವಿಳಾಸವನ್ನು ಮೊದಲೇ ತೆರೆದು ನೋಡಿದ್ದರು. ಅಲ್ಲಿ ಲೇಖನವಿರಲಿಲ್ಲ. "ಇಲ್ಲದ ಆಕರವನ್ನು ಉಲ್ಲೇಖಿಸಿದ್ದೀರಲ್ಲಮ್ಮ?" ಎಂದು ಅವರು ಕೇಳಿದಾಗ ಆ ಹುಡುಗಿಯ ಮುಖ ಬಿಳಿಚಿಕೊಂಡಿತು. ಹಿಂದಿನ ಸಾಲಿನಿಂದ ಎದ್ದು ನಿಂತು, "ಸರ್, ತಪ್ಪು ಅವರದಲ್ಲ, ನನ್ನದು" ಎಂದೆ. ಹದಿನೈದು ವರ್ಷಗಳ ಹಿಂದೆ ಆ ಲೇಖನವನ್ನು ಒಂದು ಸಂಸ್ಥೆಯ ಉಚಿತ ತಾಣದಲ್ಲಿ ಪ್ರಕಟಿಸಿದ್ದೆ. ಸಂಸ್ಥೆ ಆ ಸೇವೆಯನ್ನು ಮುಚ್ಚಿತು. ಲೇಖನವನ್ನು ನಾನು ಇನ್ನೊಂದು ಉಚಿತ ನೆಲೆಗೆ ಸಾಗಿಸಿ ಸುಮ್ಮನಾದೆ. ಲೇಖನ ಉಳಿದಿತ್ತು, ವಿಳಾಸ ಸತ್ತಿತ್ತು. ಆಕರಸೂಚಿಗಳಲ್ಲಿ ಮಾತ್ರ ಆ ಸತ್ತ ವಿಳಾಸವೇ ಇಂದಿಗೂ ಉಳಿದಿದೆ.

ಇದಾದ ಮೇಲೆ ನನ್ನ ಜಾಲತಾಣವನ್ನು ಸಂಪೂರ್ಣವಾಗಿ ಉಚಿತ ನೆಲೆಯಿಂದ ಬಿಡಿಸಿ, ಸ್ವಂತ ಡೊಮೈನ್ ಹೆಸರಿನಡಿ, ನಾನೇ ನಿರ್ವಹಿಸುವ ಸರ್ವರಿಗೆ ವರ್ಗಾಯಿಸಿದ್ದೇನೆ. ಮಿತ್ರರು ಇದನ್ನು ನಿವೃತ್ತಿಯ ಅಂಚಿನಲ್ಲಿರುವವನ ಹವ್ಯಾಸವೆಂದು ನಗೆಯಾಡಿದರು. "ಪುಕ್ಕಟೆಯಾಗಿ ನಡೆಯುತ್ತಿದ್ದುದಕ್ಕೆ ದುಡ್ಡು ಸುರಿಯುತ್ತೀರಲ್ಲ ಮಾರಾಯರೇ" ಎಂದರು ಒಬ್ಬರು. ಪ್ರಸ್ತುತ ಲೇಖನ ಅವರಿಗೆ ನನ್ನ ಉತ್ತರ. ಇತರರು ಉಲ್ಲೇಖಿಸಬಹುದಾದ ಬರಹವನ್ನು ಜಾಲದಲ್ಲಿ ಪ್ರಕಟಿಸುವ ವಿದ್ವಾಂಸನಿಗೆ ಆ ಬರಹದ ವಿಳಾಸವನ್ನು ಕಾಯುವ ಹೊಣೆಯೂ ಇದೆ. ಆ ಹೊಣೆಯನ್ನು ಪುಕ್ಕಟೆ ನೆಲೆಗೆ ವಹಿಸಿ ನಿಶ್ಚಿಂತರಾಗಿರುವುದು ವಿದ್ವತ್ತಿನ ಶಿಸ್ತಿಗೆ ಒಪ್ಪುವ ನಡೆಯಲ್ಲ.

ಮೊದಲು ಎದುರುಪಕ್ಷಕ್ಕೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸೋಣ. ಸ್ಥಿರಪುಟಗಳ ಜಾಲತಾಣವೆಂದರೆ ಸಿದ್ಧವಾಗಿರುವ ಕಡತಗಳ ಒಂದು ಕಟ್ಟು; ಓದುಗ ಕೇಳಿದಾಗ ಕಡತವನ್ನು ಹಾಗೆಯೇ ಕಳುಹಿಸುವುದಷ್ಟೇ ಯಂತ್ರದ ಕೆಲಸ. ದತ್ತಸಂಚಯವಿಲ್ಲ, ಒಳಗೆ ಓಡುವ ತಂತ್ರಾಂಶವಿಲ್ಲ. ಆದ್ದರಿಂದ ಕೆಡುವುದು ಕಡಿಮೆ. 2008ರಲ್ಲಿ ಆರಂಭವಾದ ಗಿಟ್‌ಹಬ್ ಪೇಜಸ್‌ನಂಥ ಸೇವೆಗಳು ಇಂತಹ ಕಟ್ಟನ್ನು ಹಣ ಕೇಳದೆ ಜಗತ್ತಿಗೆ ಉಣಬಡಿಸುತ್ತಿವೆ. ಅಧ್ಯಾಪಕರೂ ಸಂಶೋಧನ ವಿದ್ಯಾರ್ಥಿಗಳೂ ಅದರಿಂದ ಉಪಕೃತರಾಗಿದ್ದಾರೆ. ನಾನೂ ವರ್ಷಗಟ್ಟಲೆ ಆಗಿದ್ದೇನೆ. ಕನ್ನಡ ಬರಹಕ್ಕೆ ಬೇಕಾದ ಜಾಗವಾದರೂ ಎಷ್ಟು? ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಒಂದೊಂದು ಅಕ್ಷರಘಟಕಕ್ಕೆ 3 ಬೈಟುಗಳು. ಮುನ್ನೂರು ಪುಟದ ಒಂದು ಗ್ರಂಥ ಎರಡು ಮೆಗಾಬೈಟಿನೊಳಗೆ ಅಡಗುತ್ತದೆ. ಒಬ್ಬ ಅಧ್ಯಾಪಕನ ಜೀವಮಾನದ ಬರಹ ಒಂದು ಮದುವೆಯ ಹತ್ತಾರು ಛಾಯಾಚಿತ್ರಗಳಿಗಿಂತ ಹಗುರ. ಇಷ್ಟಕ್ಕೆ ಸರ್ವರೇಕೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸಮಂಜಸವಾಗಿಯೇ ಕಾಣುತ್ತದೆ.

ಆದರೆ ಇಲ್ಲಿ ವಿಚಾರಿಸಬೇಕಾದದ್ದು ಗಾತ್ರವನ್ನಲ್ಲ, ಹಕ್ಕನ್ನು. ಶಾಸನಗಳನ್ನು ಓದುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಂದು ದಾನಶಾಸನದಲ್ಲಿ ಏನೇನಿರುತ್ತದೆ? ದತ್ತಿ ಬಿಟ್ಟವರಾರು, ಪಡೆದವರಾರು, ಯಾವ ದಿನ, ಯಾವ ನೆಲ, ಅದರ ನಾಲ್ಕು ಎಲ್ಲೆಗಳಾವುವು, ಸಾಕ್ಷಿಗಳಾರು, ಅಳುಪಿದವರಿಗೆ ಯಾವ ಪಾಪ. ಜೊತೆಗೆ ನಾವು ಬಹುಮಟ್ಟಿಗೆ ಓದಿ ಮುಂದೆ ಸಾಗುವ ಒಂದು ಪದಪುಂಜವಿರುತ್ತದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಕಟ್ಟಡ ಒಡೆಯುತ್ತದೆ, ಬಿರುಕು ಬಿಡುತ್ತದೆ. ಅದರ ದುರಸ್ತಿಗೆ ಹಣ ಎಲ್ಲಿಂದ ಬರಬೇಕೆಂಬುದನ್ನು ಕಟ್ಟಿದ ದಿನವೇ ಕಲ್ಲಿನಲ್ಲಿ ಬರೆದಿಡಬೇಕು ಎಂಬ ವಿವೇಕ ಅದು. ಉಚಿತ ತಾಣದ ಕರಾರುಪತ್ರವನ್ನು ಇದರ ಪಕ್ಕದಲ್ಲಿಟ್ಟು ಓದಿ ನೋಡಿ. ಸೇವೆಯನ್ನು ಬದಲಿಸುವ, ನಿಲ್ಲಿಸುವ, ಖಾತೆಯನ್ನು ತಡೆಹಿಡಿಯುವ ಅಧಿಕಾರವನ್ನು ಕೊಡುವವನು ಸಾಮಾನ್ಯವಾಗಿ ತನ್ನಲ್ಲೇ ಇರಿಸಿಕೊಂಡಿರುತ್ತಾನೆ. ಪಡೆಯುವವನಿಗೆ ಎಲ್ಲೆಯೂ ಇಲ್ಲ, ಅವಧಿಯೂ ಇಲ್ಲ. ಇದು ದತ್ತಿಯಲ್ಲ, ಯಜಮಾನ ಎದ್ದು ಹೋಗೆನ್ನುವವರೆಗೆ ಜಗಲಿಯ ಮೇಲೆ ಕೂರಲು ಕೊಟ್ಟ ಅನುಮತಿ. ಶಾಸನದ ಒಂದು ಪದದ ಅರ್ಥಕ್ಕಾಗಿ ವರ್ಷವಿಡೀ ವಾದಿಸುವ ನಾವು ನಮ್ಮ ಸ್ವಂತ ಬರಹದ ಕರಾರನ್ನು ಓದದೆ 'ಒಪ್ಪಿದೆ' ಎಂದು ಒತ್ತುತ್ತೇವೆ.

ಜಗಲಿಯಿಂದ ಎಬ್ಬಿಸಿದ ನಿದರ್ಶನಗಳು ಊಹೆಯವಲ್ಲ. 1994ರಲ್ಲಿ ಆರಂಭವಾದ ಜಿಯೋಸಿಟೀಸ್ ಸಾಮಾನ್ಯರಿಗೆ ಉಚಿತ ಪುಟಗಳನ್ನು ಒದಗಿಸಿದ ಬಹುದೊಡ್ಡ ತಾಣ. 1999ರಲ್ಲಿ ಯಾಹೂ ಅದನ್ನು ಕೊಂಡಿತು. 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಸ್ವಯಂಸೇವಕರೂ ಇಂಟರ್ನೆಟ್ ಆರ್ಕೈವ್ ಸಂಸ್ಥೆಯೂ ಧಾವಿಸಿ ಕೈಲಾದಷ್ಟನ್ನು ನಕಲು ಮಾಡಿಕೊಂಡವು. ಆದರೆ ಆ ಪುಟಗಳಿಗೆ ಕೊಟ್ಟಿದ್ದ ಉಲ್ಲೇಖಗಳೆಲ್ಲ ಒಂದೇ ದಿನ ಕುರುಡಾದವು. ದೊಡ್ಡ ಸಂಸ್ಥೆಯ ಆಶ್ರಯವೆಂದರೆ ದೀರ್ಘಕಾಲದ ಆಶ್ರಯವೆಂಬ ನಂಬಿಕೆಗೆ ಅಂದೇ ಪೆಟ್ಟು ಬಿದ್ದಿತ್ತು. ನಾವು ಪಾಠ ಕಲಿಯಲಿಲ್ಲ.

ನಮ್ಮ ದೇಶದ ಒಂದು ಪ್ರಸಂಗ ಇದಕ್ಕಿಂತಲೂ ಮುಖ್ಯವಾದುದು. 2014ರ ಡಿಸೆಂಬರಿನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ 32 ತಾಣಗಳನ್ನು ತಡೆಯುವಂತೆ ಆದೇಶಿಸಿತು. ಉಗ್ರಗಾಮಿ ಸಂಘಟನೆಯೊಂದರ ಪ್ರಚಾರ ಸಾಮಗ್ರಿ ಅವುಗಳಲ್ಲಿದೆಯೆಂಬುದು ಕೊಟ್ಟ ಕಾರಣ. ಪಟ್ಟಿಯಲ್ಲಿ ಗಿಟ್‌ಹಬ್ ಇತ್ತು, ಉಚಿತ ಜಾಲತಾಣಗಳನ್ನು ಕೊಡುತ್ತಿದ್ದ ವೀಬ್ಲಿ ಇತ್ತು, ವಿಮಿಯೋ ಇತ್ತು, ಇಂಟರ್ನೆಟ್ ಆರ್ಕೈವ್ ಕೂಡ ಇತ್ತು. ಕೆಲವು ದಿನಗಳಲ್ಲಿ ಹಲವು ತಾಣಗಳ ಮೇಲಿನ ತಡೆ ತೆರವಾಯಿತು. ಆದರೆ ಯಾವನೋ ಅಪರಿಚಿತ ಮಾಡಿದ ತಪ್ಪಿಗೆ, ಅದೇ ಛಾವಣಿಯಡಿ ಇದ್ದ ನಿರಪರಾಧಿಗಳ ಬಾಗಿಲಿಗೂ ಬೀಗ ಬಿತ್ತೆಂಬುದು ಗಮನಾರ್ಹ. ಉಚಿತ ನೆಲೆಯಲ್ಲಿ ನಮ್ಮ ವಿಳಾಸ ಆ ಸಂಸ್ಥೆಯ ಹೆಸರಿನ ಬಾಲಂಗೋಚಿ. ತಲೆಗೆ ಬಂದದ್ದು ಬಾಲಕ್ಕೂ ಬರುತ್ತದೆ. ಸ್ವಂತ ಹೆಸರಿನ ತಾಣಕ್ಕೆ ತಡೆ ಬೀಳದೆಂದು ನಾನು ಹೇಳುತ್ತಿಲ್ಲ. ಬಿದ್ದರೆ ಅದು ನನ್ನ ಬರಹಕ್ಕಾಗಿ ಬೀಳಲಿ. ಅದಕ್ಕೆ ನಾನು ಉತ್ತರ ಕೊಡಬಲ್ಲೆ.

ಉಲ್ಲೇಖಗಳ ಸಾವನ್ನು ಅಳೆದು ನೋಡಿದವರೂ ಇದ್ದಾರೆ. ಹಾರ್ವರ್ಡ್‌ನ ಜೊನಾಥನ್ ಜಿಟ್ರೇನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳಲ್ಲಿದ್ದ ಜಾಲಕೊಂಡಿಗಳಲ್ಲಿ ಶೇ. 50ರಷ್ಟು ಮೂಲದಲ್ಲಿ ಉದ್ದೇಶಿಸಿದ್ದ ಮಾಹಿತಿಯನ್ನು ತೋರಿಸುತ್ತಿರಲಿಲ್ಲ. ಪ್ಯೂ ಸಂಶೋಧನ ಕೇಂದ್ರ 2024ರಲ್ಲಿ ಕೊಟ್ಟ ವರದಿಯಂತೆ 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷಗಳ ಬಳಿಕ ಸಿಗುತ್ತಿರಲಿಲ್ಲ. ತೀರ್ಪುಗಳ ಅಡಿಟಿಪ್ಪಣಿಗಳೇ ಹೀಗಿರುವಾಗ ನಮ್ಮ ಪಿಎಚ್.ಡಿ. ಪ್ರಬಂಧಗಳ ಗತಿಯನ್ನು ಊಹಿಸಬಹುದು. ಅಡಿಟಿಪ್ಪಣಿ ಅಲಂಕಾರವಲ್ಲ, ಓದುಗ ಹೋಗಿ ಪರೀಕ್ಷಿಸಿ ಬರಲಿ ಎಂದು ನಾವು ಕೊಡುವ ಮಾತು. ಆ ಮಾತನ್ನು ಉಳಿಸಿಕೊಳ್ಳುವ ಶಕ್ತಿ ಉಲ್ಲೇಖಿಸಿದವನಿಗಿಂತ ಉಲ್ಲೇಖಿತನ ಕೈಯಲ್ಲಿದೆ.

ಇನ್ನು ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ಮೊದಲನೆಯದು: ಡೊಮೈನ್ ಹೆಸರನ್ನು ಮಾತ್ರ ಕೊಂಡು ಕಡತಗಳನ್ನು ಉಚಿತ ನೆಲೆಯಲ್ಲೇ ಬಿಟ್ಟರೆ ಸಾಲದೇ? ಇದು ಬಲವಾದ ಆಕ್ಷೇಪ. ಅರ್ಧವನ್ನು ನಾನು ಒಪ್ಪುತ್ತೇನೆ. ಹೆಸರು ನಮ್ಮದಾದರೆ ಮನೆ ಬದಲಾದರೂ ವಿಳಾಸ ಬದಲಾಗದು. ಹತ್ತಾರು ಲೇಖನಗಳಷ್ಟೇ ಇರುವ ಯುವ ಸಂಶೋಧಕರಿಗೆ ಇಷ್ಟು ಸಾಕು, ಇಂದೇ ಮಾಡಲಿ. ಆದರೆ ಕೆಲಸ ಬೆಳೆದಂತೆ ಉಚಿತ ನೆಲೆ ಇಕ್ಕಟ್ಟಾಗುತ್ತದೆ. ಗಿಟ್‌ಹಬ್ ಪೇಜಸ್‌ನಲ್ಲಿ ತಾಣದ ಗಾತ್ರಕ್ಕೆ 1 ಗಿಗಾಬೈಟಿನ ಮಿತಿಯಿದೆ. ಇನ್ನೂರು ಗರಿಗಳ ಒಂದು ತಾಡವಾಲೆ ಪ್ರತಿಯನ್ನು ಎರಡು ಮಗ್ಗುಲಿನಿಂದಲೂ ಚಿತ್ರಿಸಿದರೆ 400 ಚಿತ್ರಗಳು. ಓದಲು ಬರುವಂತಿರಬೇಕಾದರೆ ಚಿತ್ರಕ್ಕೆ 5 ಮೆಗಾಬೈಟ್ ಎಂದರೂ 2 ಗಿಗಾಬೈಟ್. ಒಂದೇ ಪ್ರತಿಗೆ ಮಿತಿ ಎರಡು ಪಟ್ಟು ಮೀರಿತು. ಪಾಠಾಂತರಗಳನ್ನು ಹೋಲಿಸಿ ತೋರಿಸುವ ವ್ಯವಸ್ಥೆ, ಶಾಸನಪಾಠಗಳ ಒಳಗೆ ಪದ ಹುಡುಕುವ ಸೂಚಿ, ಇಂಥವನ್ನು ಸರ್ವರಿನಲ್ಲಿಯೇ ನಡೆಸಬೇಕೆಂದರೆ ಸ್ಥಿರಪುಟದ ನೆಲೆ ಅದಕ್ಕೆ ಅವಕಾಶ ಕೊಡುವುದಿಲ್ಲ.

ಸ್ವಂತ ಸರ್ವರಿನಲ್ಲಿ ಇನ್ನೊಂದು ಅನುಕೂಲವಿದೆ. ಸಂಶೋಧಕರು ಅದನ್ನು ಸಣ್ಣದೆಂದು ಭಾವಿಸಬಾರದು. ಪುಟವೊಂದು ಸ್ಥಳ ಬದಲಿಸಿದರೆ '301' ಎಂಬ ಸಂಕೇತದೊಡನೆ ಹಳೆಯ ವಿಳಾಸ ಹೊಸದಕ್ಕೆ ತಾನೇ ಕೈತೋರುವಂತೆ ಮಾಡಬಹುದು. ಲೇಖನವನ್ನು ನಾನೇ ಹಿಂತೆಗೆದುಕೊಂಡಿದ್ದರೆ '410' ಎಂಬ ಸಂಕೇತದೊಡನೆ ಅದನ್ನು ತಿಳಿಸಿ ಕಾರಣವನ್ನೂ ಬರೆಯಬಹುದು. 'ಸಿಗಲಿಲ್ಲ' ಎಂದಷ್ಟೇ ಹೇಳುವ '404'ಕ್ಕೂ ಇದಕ್ಕೂ ಇರುವ ಅಂತರ ದೊಡ್ಡದು: ಮೊದಲನೆಯದು ತಪ್ಪೊಪ್ಪಿಗೆ, ಎರಡನೆಯದು ಮೌನ. ನನ್ನ ಎರಡು ಲೇಖನಗಳ ಕಾಲನಿರ್ಣಯ ತಪ್ಪಾಗಿತ್ತು. ಅವನ್ನು ಅಳಿಸದೆ, ಹಿಂತೆಗೆದುಕೊಂಡಿದ್ದೇನೆಂದು ಅದೇ ವಿಳಾಸದಲ್ಲಿ ಬರೆದಿಟ್ಟಿದ್ದೇನೆ.

ಎರಡನೆಯ ಆಕ್ಷೇಪ: ನಾವು ಸಾಹಿತ್ಯದವರು, ಎಂಜಿನಿಯರುಗಳಲ್ಲ. ಈ ಮಾತನ್ನು ವಿನಯವೆಂದು ನಾನು ಒಪ್ಪುವುದಿಲ್ಲ. ಛಂದಸ್ಸಿನ ಗಣಪ್ರಸ್ತಾರ ಕಲಿತವರಿಗೆ, ಸವೆದ ಕಲ್ಲಿನ ಅಕ್ಷರವನ್ನು ಬೆರಳಿನಿಂದ ಸವರಿ ಓದುವವರಿಗೆ, ಇಪ್ಪತ್ತು ಆಜ್ಞೆಗಳು ದುಸ್ಸಾಧ್ಯವೇ? ನಾನು ಮಾಡಿದ್ದು ಇಷ್ಟು. ತಿಂಗಳಿಗೆ ಸುಮಾರು ಐದುನೂರು ರೂಪಾಯಿಗೆ ಒಂದು ಚಿಕ್ಕ ಸರ್ವರನ್ನು ಬಾಡಿಗೆಗೆ ಹಿಡಿದೆ. ಅದರಲ್ಲಿ 1993ರಿಂದ ಸ್ವಯಂಸೇವಕರು ಬೆಳೆಸಿಕೊಂಡು ಬಂದಿರುವ ಡೆಬಿಯನ್ ಕಾರ್ಯವ್ಯವಸ್ಥೆಯನ್ನು ಹಾಕಿಸಿದೆ. ಪುಟಗಳನ್ನು ಬಡಿಸಲು ಎಂಜಿನ್‌ಎಕ್ಸ್ ತಂತ್ರಾಂಶ. ಪಾಸ್‌ವರ್ಡಿನ ಪ್ರವೇಶವನ್ನು ಮುಚ್ಚಿ, ಗೂಢಕೀಲಿಯಿಂದ ಮಾತ್ರ ಒಳಬರುವಂತೆ ಮಾಡಿದೆ. ಬೇಡದ ಬಾಗಿಲುಗಳಿಗೆ ಅಗಳಿ ಹಾಕಿದೆ. ಭದ್ರತಾ ತಿದ್ದುಪಡಿಗಳು ತಾವಾಗಿ ಸೇರುವಂತೆಯೂ, ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಪ್ರಮಾಣಪತ್ರ ಅವಧಿಗೆ ಮುನ್ನ ತಾನಾಗಿ ನವೀಕರಣವಾಗುವಂತೆಯೂ ಏರ್ಪಡಿಸಿದೆ. ತಂತ್ರಾಂಶ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಮೂರು ಭಾನುವಾರ ಪಕ್ಕದಲ್ಲಿ ಕುಳಿತು ಹೇಳಿಕೊಟ್ಟ, ಬೆರಳಾಡಿಸಿದ್ದು ನಾನೇ. ಈಗ ತಿಂಗಳಿಗೆ ಅರ್ಧ ಗಂಟೆ ಸಾಕಾಗುತ್ತದೆ.

ಹಾಗೆಂದು ಇದು ಹೂವಿನ ಹಾದಿಯೆಂದು ಹೇಳಿ ಯಾರನ್ನೂ ವಂಚಿಸಲಾರೆ. ಸರ್ವರ್ ತೆರೆದ ಮೊದಲ ರಾತ್ರಿಯ ದಾಖಲೆಯನ್ನು ಬೆಳಗ್ಗೆ ನೋಡಿದರೆ 'ರೂಟ್', 'ಅಡ್ಮಿನ್', 'ಟೆಸ್ಟ್' ಎಂಬ ಹೆಸರುಗಳಲ್ಲಿ ಒಳನುಗ್ಗಲು ನೂರಾರು ಯತ್ನಗಳು. ಅವು ನನ್ನ ಮೇಲಿನ ದ್ವೇಷದಿಂದಲ್ಲ. ತೆರೆದ ಬಾಗಿಲನ್ನು ಅರಸುತ್ತ ಜಗತ್ತಿನ ಯಂತ್ರಗಳನ್ನೆಲ್ಲ ತಟ್ಟುತ್ತ ಹೋಗುವ ಯಂತ್ರಗಳ ಕೆಲಸ. ಸರ್ವರ್ ತೆರೆದು ಮರೆತುಬಿಡುವವರು ಉಚಿತ ನೆಲೆಯಲ್ಲೇ ಇರುವುದು ಲೇಸು. ಆದ್ದರಿಂದಲೇ ನಾನು ಸ್ಥಳವನ್ನು ಬದಲಿಸಿದೆನೇ ಹೊರತು ರೂಪವನ್ನು ಬದಲಿಸಲಿಲ್ಲ. ಪುಟಗಳು ಇಂದಿಗೂ ಸ್ಥಿರಪುಟಗಳೇ. ಸ್ವಂತ ಸರ್ವರ್ ಸಿಕ್ಕಿತೆಂದು ಭಾರದ ತಂತ್ರಾಂಶಗಳನ್ನು ತುಂಬಿಕೊಂಡು ಅವುಗಳ ಪೋಷಣೆಯಲ್ಲೇ ಸೋತವರನ್ನು ನೋಡಿದ್ದೇನೆ.

ಸ್ಥಳಾಂತರದಲ್ಲಿ ನನಗೆ ಅತಿ ಹೆಚ್ಚು ಕಾಲ ಹಿಡಿದದ್ದು ಸರ್ವರ್ ಅಲ್ಲ, ಕನ್ನಡ. ಹಳೆಯ ಲೇಖನಗಳನ್ನು ಯೂನಿಕೋಡಿಗೆ ಮೊದಲಿನ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಬೆರಳಚ್ಚಿಸಿದ್ದೆ. ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ಅವು ರೋಮನ್ ಚಿಹ್ನೆಗಳ ರಾಶಿ. ಪರಿವರ್ತಿಸಿದಾಗ ಕೆಲವೆಡೆ ಅರ್ಕಾವೊತ್ತು ಸ್ಥಾನಪಲ್ಲಟಗೊಂಡಿತ್ತು. ಹಳಗನ್ನಡ ಪದಗಳಲ್ಲಿ ಱಕಾರ ೞಕಾರಗಳು ಕಳಚಿಹೋಗಿದ್ದವು. ಈ ಎರಡು ಅಕ್ಷರಗಳಿಗೂ ಯೂನಿಕೋಡಿನಲ್ಲಿ ಸ್ಥಾನವಿದೆ. ಅವನ್ನು ಒಂದೊಂದಾಗಿ ಮೂಲದೊಡನೆ ಹೋಲಿಸಿ ಮರಳಿ ಕೂರಿಸಿದೆ. ಇದು ಗ್ರಂಥಸಂಪಾದನೆಯೇ. ವಿಳಾಸಗಳ ವಿಷಯದಲ್ಲೂ ಒಂದು ತೊಡಕು ಕಂಡಿತು. ಜಾಲವಿಳಾಸದಲ್ಲಿ ಕನ್ನಡವನ್ನು ಬರೆಯಬಹುದು. ಆದರೆ ನಕಲಿಸಿ ಅಂಟಿಸಿದಾಗ ಒಂದೊಂದು ಅಕ್ಷರಘಟಕ ಒಂಬತ್ತು ಚಿಹ್ನೆಗಳಾಗುವುದುಂಟು. 'ವಡ್ಡಾರಾಧನೆ' ಎಂಬ ಒಂದು ಪದ 90 ಚಿಹ್ನೆಗಳಾಗುತ್ತದೆ. ಅದನ್ನು ಯಾವ ಮುದ್ರಣಾಲಯವೂ ಅಡಿಟಿಪ್ಪಣಿಯಲ್ಲಿ ತಪ್ಪಿಲ್ಲದೆ ಅಚ್ಚು ಹಾಕಲಾರದು. ಆದುದರಿಂದ ನನ್ನ ಪ್ರತಿ ಲೇಖನಕ್ಕೂ ಒಂದು ಕ್ರಮಸಂಖ್ಯೆಯನ್ನೇ ವಿಳಾಸವಾಗಿ ಕೊಟ್ಟೆ. ಶೀರ್ಷಿಕೆ ತಿದ್ದಿದರೂ ಸಂಖ್ಯೆ ಬದಲಾಗದು.

ಮೂರನೆಯ ಆಕ್ಷೇಪ: ಬಾಡಿಗೆಯ ಸರ್ವರೂ ಪರರ ಯಂತ್ರವೇ ತಾನೆ? ಡೊಮೈನ್ ಹೆಸರೂ ಹೆಚ್ಚೆಂದರೆ ಹತ್ತು ವರ್ಷಕ್ಕೆ ನೋಂದಾಯಿಸಿಕೊಳ್ಳುವಂಥದು ತಾನೆ? ನಿಜ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ 2021ರ ಮಾರ್ಚ್ 10ರಂದು ಒವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಾಗ, ಬೇರೆಡೆ ಪ್ರತಿಯಿರಿಸದಿದ್ದ ಬಾಡಿಗೆದಾರರು ತಮ್ಮ ದತ್ತಾಂಶವನ್ನು ಶಾಶ್ವತವಾಗಿ ಕಳೆದುಕೊಂಡರು. ಹಣ ಕೊಟ್ಟವರಾದರೂ ಅವರಿಗೆ ರಕ್ಷೆ ಸಿಗಲಿಲ್ಲ. ಹಾಗಾಗಿ ಸರ್ವರಿನ ಮೇಲೆ ನನಗೆ ಭಕ್ತಿಯಿಲ್ಲ. ನನ್ನ ತಾಣದ ಪೂರ್ಣ ಪ್ರತಿ ಮನೆಯ ಗಣಕದಲ್ಲಿದೆ, ಕಾಲೇಜಿನ ಕೊಠಡಿಯ ಹಾರ್ಡ್ ಡಿಸ್ಕಿನಲ್ಲಿದೆ, ಇನ್ನೊಂದು ಊರಿನ ಮಿತ್ರರ ಬಳಿಯಿದೆ. ಹಳೆಯ ಉಚಿತ ನೆಲೆಯಲ್ಲೂ ಒಂದು ಪ್ರತಿಯನ್ನು ಉಳಿಸಿದ್ದೇನೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಬರೆಯಿಸಿ ಹಂಚಿಸಿದಳೆಂಬುದನ್ನು ತರಗತಿಯಲ್ಲಿ ನಾವು ದಾನಗುಣಕ್ಕೆ ನಿದರ್ಶನವಾಗಿ ಹೇಳುತ್ತೇವೆ. ಅದು ಪಠ್ಯವನ್ನು ಉಳಿಸುವ ಕ್ರಮವೂ ಆಗಿತ್ತೆಂಬುದನ್ನು ಹೇಳಲು ಮರೆಯುತ್ತೇವೆ. ಪಠ್ಯ ಉಳಿಯುವುದು ಪ್ರತಿಗಳಿಂದ. ಉಲ್ಲೇಖ ಉಳಿಯುವುದು ಸ್ಥಿರವಾದ ವಿಳಾಸದಿಂದ. ಸರ್ವರಿನ ಒಡೆಯ ನಾಳೆ ಬಾಗಿಲು ಹಾಕಿದರೆ ಒಂದು ಮಧ್ಯಾಹ್ನದಲ್ಲಿ ಬೇರೊಂದು ಸರ್ವರಿನಲ್ಲಿ ಅದೇ ಹೆಸರು, ಅದೇ ಸಂಖ್ಯೆಗಳೊಡನೆ ತಾಣವನ್ನು ನಿಲ್ಲಿಸಬಲ್ಲೆ. ನಾನು ಸ್ವಂತದ್ದು ಎನ್ನುವುದು ಯಂತ್ರವನ್ನಲ್ಲ, ಈ ಸಾಮರ್ಥ್ಯವನ್ನು.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಕಠಿನವಾದುದು: ನಿಮ್ಮ ನಂತರ? ಉಚಿತ ನೆಲೆಯ ಪುಟ ನಾನು ಸತ್ತ ಮೇಲೂ ಕೆಲಕಾಲ ನಿಂತಿರಬಹುದು. ನನ್ನ ಸರ್ವರ್ ಮಾತ್ರ ಬಾಡಿಗೆ ನಿಂತ ಕೆಲವೇ ವಾರಗಳಲ್ಲಿ ಅಳಿಸಿಹೋಗುತ್ತದೆ. ನವೀಕರಿಸದ ಹೆಸರನ್ನು ಯಾರಾದರೂ ಕೊಂಡು ಅಲ್ಲಿ ಜೂಜಿನ ಜಾಹೀರಾತು ಹಾಕಬಹುದು. ಈ ಆಕ್ಷೇಪಕ್ಕೆ ತಂತ್ರಜ್ಞಾನದಲ್ಲಿ ಉತ್ತರವಿಲ್ಲ, ಶಾಸನಗಳಲ್ಲಿದೆ. ದತ್ತಿಯನ್ನು ಬರೆದಿಡಬೇಕು. ನಾನು ಒಂದು ಹಾಳೆಯಲ್ಲಿ ಡೊಮೈನ್ ಎಲ್ಲಿ ನೋಂದಣಿಯಾಗಿದೆ, ಯಾವ ತಿಂಗಳಲ್ಲಿ ನವೀಕರಿಸಬೇಕು, ಕೀಲಿಗಳು ಎಲ್ಲಿವೆ, ಪ್ರತಿಗಳು ಯಾರ ಬಳಿ ಇವೆ ಎಂಬುದನ್ನು ಬರೆದು ಮಗಳ ಕೈಗೂ ಆ ಹಳೆಯ ವಿದ್ಯಾರ್ಥಿಯ ಕೈಗೂ ಕೊಟ್ಟಿದ್ದೇನೆ. ಹತ್ತು ವರ್ಷದ ಖರ್ಚನ್ನು ಬೇರೆಯಾಗಿ ತೆಗೆದಿರಿಸಿದ್ದೇನೆ. ಲೇಖನಗಳನ್ನು ಯಾರು ಬೇಕಾದರೂ ಪ್ರತಿಮಾಡಿ ಇರಿಸಿಕೊಳ್ಳಬಹುದೆಂದು ಪ್ರತಿ ಪುಟದ ಅಡಿಯಲ್ಲಿ ಬರೆದಿದ್ದೇನೆ. ಆಚಂದ್ರಾರ್ಕ ಎನ್ನುವ ಧೈರ್ಯ ನನಗಿಲ್ಲ. ಖಂಡಸ್ಫುಟಿತಕ್ಕೆ ಇಷ್ಟು ವ್ಯವಸ್ಥೆ ಮಾಡಬಲ್ಲೆ.

ಆದರೂ ಒಬ್ಬೊಬ್ಬ ಅಧ್ಯಾಪಕನೂ ತನ್ನ ಮಗಳ ಕೈಯಲ್ಲಿ ಚೀಟಿ ಕೊಟ್ಟು ಹೋಗುವುದು ಒಂದು ನಾಡಿನ ವಿದ್ವತ್ತಿನ ವ್ಯವಸ್ಥೆಯಾಗಲಾರದು. ನಮ್ಮ ವಿಶ್ವವಿದ್ಯಾಲಯಗಳು ಪ್ರಬಂಧದಲ್ಲಿ ಜಾಲದ ಆಕರಕ್ಕೆ 'ನೋಡಿದ ದಿನಾಂಕ' ಬರೆಯಬೇಕೆಂದು ವಿಧಿಸುತ್ತವೆ. ಆ ದಿನ ನೋಡಿದ ಪುಟದ ಪ್ರತಿಯನ್ನು ಪ್ರಬಂಧದೊಡನೆ ಸಲ್ಲಿಸಬೇಕೆಂದೂ ವಿಧಿಸಲಿ. ನಿವೃತ್ತರಾಗುವ ಅಧ್ಯಾಪಕರ ಜಾಲತಾಣಗಳನ್ನು ಅವರ ಗ್ರಂಥಸಂಗ್ರಹವನ್ನು ಸ್ವೀಕರಿಸುವಂತೆಯೇ ಗ್ರಂಥಾಲಯಗಳು ಸ್ವೀಕರಿಸಲಿ. ಅವರು ಮಾಡುವವರೆಗೆ ಕೈಕಟ್ಟಿ ಕೂರುವ ನೆಪ ನಮಗೆ ಬೇಡ. ಕನಿಷ್ಠ ಒಂದು ಡೊಮೈನ್ ಹೆಸರನ್ನು ಈ ವಾರವೇ ನೋಂದಾಯಿಸಿ. ಹತ್ತು ವರ್ಷದ ಬರಹ ಕೂಡಿದವರು ಸರ್ವರಿನ ಮಾತು ಯೋಚಿಸಿ.

ಆ ಸಂಶೋಧಕಿಗೆ ಪದವಿ ದೊರೆಯಿತು. ಪರೀಕ್ಷಕರು ದೊಡ್ಡ ಮನಸ್ಸಿನವರು; ಲೇಖನದ ಮುದ್ರಿತ ಪ್ರತಿಯನ್ನು ನನ್ನಿಂದ ತರಿಸಿಕೊಂಡು ಓದಿ, ಅಡಿಟಿಪ್ಪಣಿಯನ್ನು ತಿದ್ದಿಸಿ ಸಹಿ ಮಾಡಿದರು. ತಿದ್ದಿದ ಅಡಿಟಿಪ್ಪಣಿಯಲ್ಲಿ ಈಗ ಹೊಸ ವಿಳಾಸವಿದೆ. ಅದು ಸಾಯದಂತೆ ನೋಡಿಕೊಳ್ಳುವುದು ನನ್ನ ಕೆಲಸ.